ಎಲ್ಲರೂ ಮೆಚ್ಚಿದ ಬಲೆ

ಕರಿಬೇವಿನ ಗಿಡಕ್ಕೂ ದಾಸವಾಳಕ್ಕೂ ನಡುವೆ ಒಂದು ಜೇಡ ಬಲೆ ನೇಯ್ದಿತ್ತು. ಸಂಜೆಯಾದರೆ ಹಳೆಯ ಬಲೆಯನ್ನು ತಿಂದು ಹೊಸದನ್ನು ನೇಯುವುದು ಅದರ ಕುಲದ ಪದ್ಧತಿ. ಅಂದು ಅದು ಬಾಯಿ ಹಾಕುವಷ್ಟರಲ್ಲಿ ನೊಣವೊಂದು ದೂರದಿಂದಲೇ ಕೂಗಿಕೊಂಡಿತು.

“ಜೇಡಮ್ಮಾ, ನಿಲ್ಲಿ! ಇಂಥ ಕಲಾಕೃತಿಯನ್ನು ಯಾರಾದರೂ ತಿನ್ನುತ್ತಾರೆಯೇ? ನಿಮ್ಮ ಅಜ್ಜಿಗೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.”

ಅಜ್ಜಿಯ ಬಗ್ಗೆ ಜೇಡಕ್ಕೂ ಅದೇ ಅಭಿಪ್ರಾಯವಿತ್ತು. ಬಲೆ ಉಳಿಯಿತು.

ಮರುದಿನದ ಬಿಸಿಲಿಗೆ ಎಳೆಗಳ ಅಂಟು ಒಣಗಿತು, ಮೇಲೆ ಧೂಳು ಕೂತಿತು. ಮೆಚ್ಚುವವರು ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿದರು. ನೊಣ ತನ್ನ ಬಂಧುಬಳಗವನ್ನೆಲ್ಲ ಕರೆತಂದು, ಬಲೆಯ ಮೇಲೆಯೇ ಕೂರಿಸಿ, ನೇಯ್ಗೆಯ ಸೊಬಗನ್ನು ವಿವರಿಸತೊಡಗಿತು. ಎಲ್ಲರೂ ನೋಡಿ, ಹೊಗಳಿ, ಹಾರಿ ಮನೆಗೆ ಹೋದರು. ಜೇಡ ನಡುವೆ ಕೂತು ಎಲ್ಲರಿಗೂ ವಂದಿಸಿತು. ಅಷ್ಟು ದಿನಗಳಲ್ಲಿ ಆ ಬಲೆಯಲ್ಲಿ ಅಂಟಿಕೊಂಡದ್ದು ಜೇಡದ ಹೊಟ್ಟೆ ಒಂದೇ, ಅದೂ ಬೆನ್ನಿಗೆ.

ಕೊನೆಗೊಂದು ಸಂಜೆ, ಎದ್ದು ನಿಲ್ಲಲೂ ಕಾಲು ನಡುಗಿದಾಗ, ಜೇಡ ಯಾರನ್ನೂ ಕೇಳದೆ ಕಲಾಕೃತಿಯನ್ನು ತಿಂದು ಮುಗಿಸಿತು. ಬೆಳಕು ಹರಿಯುವಷ್ಟರಲ್ಲಿ ಹೊಸ ಬಲೆ ಸಿದ್ಧವಾಗಿತ್ತು.

ನೊಣ ಬಂದು ತಲೆ ಅಲ್ಲಾಡಿಸಿತು. “ಏನಮ್ಮಾ ಇದು! ಹಳೆಯದರ ಸೊಗಸು ಇದರಲ್ಲಿಲ್ಲ,” ಎನ್ನುತ್ತ ಎಂದಿನ ಜಾಗದಲ್ಲಿ ಕೂತಿತು. ಆಮೇಲೆ ಒಂದು ಕಾಲೆತ್ತಲು ನೋಡಿತು. ಆಗಲಿಲ್ಲ. ಇನ್ನೊಂದನ್ನು ಎತ್ತಲು ನೋಡಿತು.

“ನಿಮ್ಮ ಮಾತು ನಿಜ,” ಎಂದಿತು ಜೇಡ, ವಿನಯದಿಂದ ಹತ್ತಿರ ಬರುತ್ತ. “ಇದನ್ನೂ ಸಂಜೆಗೆ ತಿಂದುಬಿಡುತ್ತೇನೆ. ಮೊದಲು ತಿಂಡಿ ಆಗಲಿ.”