ಕಂಚಿನ ಮೇಲೆ ಎಡಗೈ

ಕಂಚುಗಾರರ ಅಂಗಡಿಯ ಮುಂದೆ ಹಾದುಹೋದರೆ ಸಾಕು, ನೀಲವ್ವನಿಗೆ ಇಂದಿಗೂ ಮಲಪ್ರಭೆಯ ದಂಡೆಯ ಆ ಶಾಲೆ ನೆನಪಾಗುತ್ತದೆ. ಎಷ್ಟು ಚೆಂದದ ದಿನಗಳವು!

ಆ ವರ್ಷ ಜಾವಾ ದ್ವೀಪದಿಂದ ಒಬ್ಬರು ಗುರುಗಳು ಬಂದಿದ್ದರು. ಸುಮಿಯಾತಿ ಎಂದು ಹೆಸರು. ಮಕ್ಕಳು ಅವರ ನಾಡಿನ ಮಾತಿನಲ್ಲೇ 'ಇಬು' ಎನ್ನುತ್ತಿದ್ದರು, ಅಂದರೆ ತಾಯಿ. ಇಬು ತಮ್ಮ ಕಡೆಯ ಕಂಚಿನ ವಾದ್ಯಗಳನ್ನೂ ಕುಣಿತವನ್ನೂ ಕಲಿಸುತ್ತಿದ್ದರು, ಮಕ್ಕಳಿಂದ ಕನ್ನಡ ಕಲಿಯುತ್ತಿದ್ದರು.

ನೀಲವ್ವನ ಪಾಲಿಗೆ ಬಂದದ್ದು ಸರೋನ್. ದೋಣಿಯಂಥ ಮರದ ಪೆಟ್ಟಿಗೆಯ ಮೇಲೆ ಸಾಲಾಗಿ ಕಂಚಿನ ಪಟ್ಟಿಗಳು. ಬಲಗೈಯ ಸುತ್ತಿಗೆಯಿಂದ ಒಂದನ್ನು ಬಾರಿಸಬೇಕು. ಮುಂದಿನದನ್ನು ಬಾರಿಸುವಾಗ ಹಿಂದಿನದನ್ನು ಎಡಗೈಯಿಂದ ಹಿಡಿದು ಸದ್ದು ನಿಲ್ಲಿಸಬೇಕು.

ನೀಲವ್ವ ಬಾರಿಸುತ್ತಿದ್ದಳು, ಹಿಡಿಯುತ್ತಿರಲಿಲ್ಲ. ಸದ್ದಿನ ಮೇಲೆ ಸದ್ದು ಬಿದ್ದು ಎಲ್ಲ ಕಲಸುಮೇಲೋಗರ. ಕುಣಿಯುವ ರುಬೀನಾ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ಒಂಟಿಗಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತುಬಿಡುತ್ತಿದ್ದಳು.

"ಯಾಕ ಹಿಡಿಯೂದಿಲ್ಲ?" ಇಬು ಕೇಳಿದರು.

"ಗಂಟಿ ನಾದಕ್ಕ ಕೈ ಅಡ್ಡ ಹಾಕಬಾರದು ಅಂತ ನಮ್ಮಜ್ಜಿ ಹೇಳ್ಯಾಳ್ರೀ."

ಅಜ್ಜಿ ಹಾಗೆ ಹೇಳಿದ್ದು ನಿಜ. ಆದರೆ ಅದು ಅರ್ಧ ಕಾರಣ. ವಾರ್ಷಿಕೋತ್ಸವ ಮುಗಿದ ಮರುದಿನ ಇಬು ತಮ್ಮ ಊರಿಗೆ ಹೊರಡುವವರಿದ್ದರು. ಒಂದೊಂದು ಸದ್ದು ಅಡಗಿದಾಗಲೂ ಒಂದೊಂದು ದಿನ ಕಳೆದುಹೋದಂತೆ ನೀಲವ್ವನಿಗೆ ಅನಿಸುತ್ತಿತ್ತು.

ಇಬು ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡರು.

"ಇವತ್ತು ನಾ ಬಾರಸ್ತೀನಿ. ನೀ ಬರೇ ಹಿಡಿ."

ಸಂಜೆಯವರೆಗೂ ಅವಳು ಬರೀ ಹಿಡಿದಳು. ಮೊದಮೊದಲು ಅಳು ಬಂತು. ಆಮೇಲೆ, ಒಂದು ಸದ್ದು ಬಿಟ್ಟುಕೊಟ್ಟ ಜಾಗದಲ್ಲೇ ಇನ್ನೊಂದು ಬಂದು ಕೂರುವುದು ಕೇಳಿಸತೊಡಗಿತು. ರುಬೀನಾಳ ಕಾಲು ನೆಲಕ್ಕಿಳಿಯಿತು. ಸೊಂಟಕ್ಕೆ ಕಟ್ಟಿದ ವಸ್ತ್ರದ ತುದಿಯನ್ನು ಅವಳು ಸದ್ದಿಗೆ ಸರಿಯಾಗಿ ಚಿಮ್ಮಿದಳು.

ನೀಲವ್ವ ಅಷ್ಟಕ್ಕೆ ಬಿಡುವವಳಲ್ಲ. ಹಿಂದೆ ತೂಗುಹಾಕಿದ್ದ, ಬಂಡಿಯ ಗಾಲಿಯಷ್ಟು ದೊಡ್ಡ ಜಾಗಟೆಯನ್ನು ತೋರಿಸಿದಳು.

"ಅದನ್ನ ಯಾರೂ ಹಿಡಿಯೂದಿಲ್ಲಲ್ರೀ ಇಬು? ಅದೊಂದಕ್ಕ ಯಾಕ ಮಾಫಿ?"

"ಅದು ಕಡೀದು," ಎಂದರು ಇಬು. "ಎಲ್ಲಾ ಮುಗದಾಗ ಕೇಳು."

ವಾರ್ಷಿಕೋತ್ಸವದ ದಿನ ನೀಲವ್ವನ ಎಡಗೈ ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಜಾಗಟೆ ಮೊಳಗಿತು. ಕುಣಿದವರು ಮೆಲ್ಲಗೆ ನೆಲದ ಮೇಲೆ ಕುಳಿತರು. ಜನ ಚಪ್ಪಾಳೆ ಮರೆತರು. ಆ ನಾದ ಹೊಳೆಯ ಕಡೆ ಹೋಗಿ ಎಲ್ಲಿ ಮುಗಿಯಿತೋ ಯಾರಿಗೂ ಹೇಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಜೀಪು ಬಂತು. ಮಕ್ಕಳೆಲ್ಲ ಇಬುವಿನ ಕಾಲುಮುಟ್ಟಿ ನಮಸ್ಕರಿಸಿದರು. ನೀಲವ್ವ ಮಾತ್ರ ಅವರ ಕೈಯನ್ನು ತನ್ನ ಎಡಗೈಯಿಂದ ಗಟ್ಟಿಯಾಗಿ ಹಿಡಿದು ನಿಂತಳು. ಡ್ರೈವರು ಹಾರ್ನ್ ಹೊಡೆದ, ಹೆಡ್‌ಮಾಸ್ತರರು ಗದರಿದರು. ಹುಡುಗಿಯದು ಉಡದ ಪಟ್ಟು.

"ಹೋಗಬ್ಯಾಡ್ರೀ ಇಬು. ನೀವು ಹೋದ್ರ ಎಲ್ಲಾ ಮುಗದ ಹೋಗ್ತದ."

ಇಬು ಅವಳ ಬೆರಳುಗಳನ್ನು ಸವರಿದರು. ಅವರ ಕಣ್ಣೂ ತುಂಬಿತ್ತು.

"ದೊಡ್ಡ ಜಾಗಟಿಗೆ ಯಾರಾರ ಕೈ ಇಡ್ತಾರೇನ, ಮಗಳ?"