ಜ್ವರದಲ್ಲಿ ಆಡಿದ ಮಾತು

"ಅರಸನ ಅನ್ನ ಉಂಡು ದಂಡಿನ ಜೊತೆ ಹೋಗುವ ವೈದ್ಯ ಯಾರ ಪಕ್ಷ ಹಿಡಿಯಬೇಕು? ಅರಸನದೋ, ರೋಗಿಯದೋ?" ಎಂದು ಶಿಷ್ಯ ಕೇತಯ್ಯ ಕೇಳಿದ. ವೈದ್ಯವಿದ್ಯೆ ಕಲಿತು ಮುಗಿಸಿದ್ದ ಅವನಿಗೆ ದಂಡಿನಿಂದ ಕರೆ ಬಂದಿತ್ತು.

ಗುರುಗಳು ಹೇಳಿದರು:

ಒಂದು ದಂಡು ಬೆಟ್ಟದ ಮೇಲಿನ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ದಂಡಿನಲ್ಲಿ ಒಬ್ಬ ವೈದ್ಯನಿದ್ದ. ಒಂದು ದಿನ ಕೋಟೆಯ ಕಡೆಯ ಸೈನಿಕನೊಬ್ಬ ಗಾಯಗೊಂಡು ಸೆರೆಸಿಕ್ಕ. ಬಾಣದ ಮೊನೆ ಅವನ ತೊಡೆಯಲ್ಲೇ ಮುರಿದು ಉಳಿದಿತ್ತು. ವೈದ್ಯ ಅದನ್ನು ಕಿತ್ತು, ಗಾಯ ತೊಳೆದು, ಕಟ್ಟು ಕಟ್ಟಿದ. ಮರುದಿನ ಸೆರೆಯಾಳಿಗೆ ಜ್ವರ ಏರಿತು. ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸತೊಡಗಿದ. ಬಂಡೆಗಳ ಹಿಂದಿನ ದಿಡ್ಡಿ ಬಾಗಿಲಿನಿಂದ ನೀರಿಗೆ ಹೋಗಬೇಡ, ಅಲ್ಲಿ ಈಗ ಕಾವಲಿಲ್ಲ ಎಂದು, ತಂಗಿ ಎದುರಿಗೇ ಇದ್ದಾಳೆಂಬಂತೆ, ಅವಳಿಗೆ ಮತ್ತೆ ಮತ್ತೆ ಹೇಳಿದ. ದಂಡು ಎರಡು ತಿಂಗಳಿಂದ ಹುಡುಕುತ್ತಿದ್ದುದು ಆ ಬಾಗಿಲನ್ನೇ. ಅದನ್ನು ಕೇಳಿಸಿಕೊಂಡವನು ವೈದ್ಯ ಒಬ್ಬನೇ.

ಬಡಬಡಿಕೆ ನಿಂತು ಸೆರೆಯಾಳು ಮಂಪರಿನಲ್ಲಿ ಬಿದ್ದಿದ್ದಾಗ ಸೇನಾಪತಿ ಬಂದು, "ಇವನು ಏನಾದರೂ ಬಾಯಿಬಿಟ್ಟನೆ?" ಎಂದು ಕೇಳಿದ.

ಸುಳ್ಳು ಹೇಳಲು ವೈದ್ಯನಿಗೆ ನಾಲಿಗೆ ಹೊರಳಲಿಲ್ಲ. "ಬಿಟ್ಟ, ಒಡೆಯ. ಎಚ್ಚರವಿದ್ದಿದ್ದರೆ ಬಿಡುತ್ತಿರಲಿಲ್ಲ. ಅವನು ನನ್ನ ಕೈಗೆ ಒಪ್ಪಿಸಿದ್ದು ಗಾಯವನ್ನು, ಗುಟ್ಟನ್ನಲ್ಲ. ಅದನ್ನು ನಾನು ಕೊಡಲಾರೆ."

ಸೇನಾಪತಿ ಕತ್ತಿಗೆ ಕೈ ಹಾಕಲಿಲ್ಲ. "ನಿನ್ನನ್ನು ಕೊಂದರೆ ನನ್ನವರ ಗಾಯ ಕಟ್ಟುವವರಿಲ್ಲ. ದವಸ ತೀರುತ್ತಿದೆ, ಕಾಯುವಂತೆಯೂ ಇಲ್ಲ. ನಾಳೆ ಏಣಿ ಹಾಕಿ ಗೋಡೆ ಹತ್ತಿಸುತ್ತೇನೆ. ಬಿದ್ದವರನ್ನೆಲ್ಲ ನಿನ್ನ ಬಳಿಗೇ ಕಳಿಸುತ್ತೇನೆ," ಎಂದು ಹೊರಟುಹೋದ. ನಡೆದದ್ದನ್ನು ದಂಡಿನವರಿಂದ ಅವನು ಮುಚ್ಚಿಡಲೂ ಇಲ್ಲ.

ಮರುದಿನ ಮಧ್ಯಾಹ್ನಕ್ಕೆ ವೈದ್ಯನ ಗುಡಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾದ ಎಣ್ಣೆಗೆ ಬೆಂದವರು, ಏಣಿಯಿಂದ ಬಿದ್ದು ಬೆನ್ನು ಮುರಿದವರು. ಎಲ್ಲರೂ ಅವನು ಹೆಸರು ಹಿಡಿದು ಕರೆಯುತ್ತಿದ್ದವರು. ಅವರಲ್ಲಿ ಒಬ್ಬನ ಹೊಟ್ಟೆನೋವನ್ನು ಹೋದ ವಾರವಷ್ಟೇ ವಾಸಿಮಾಡಿದ್ದ.

ಈಗ ಮೈಯೆಲ್ಲ ಬೆಂದು ಬಂದಿದ್ದ ಆ ಸೈನಿಕ ಕೇಳಿದ: "ಪಂಡಿತರೇ, ನಿಮಗೆ ದಾರಿ ಗೊತ್ತಿತ್ತಂತೆ. ನಿಜವೆ?"

"ನಿಜ," ಎಂದ ವೈದ್ಯ.

ಸೈನಿಕ ಮುಖವನ್ನು ಆಚೆ ತಿರುಗಿಸಿದ. ಬೆಂದ ಕೈಯನ್ನು ಮಾತ್ರ ವೈದ್ಯನ ಮುಂದೆ ಚಾಚಿಯೇ ಇದ್ದ. ಸಂಜೆಯ ಹೊತ್ತಿಗೆ ತೀರಿಕೊಂಡ.

ಕೋಟೆ ಬೀಳಲಿಲ್ಲ. ದಂಡು ಹಿಂದಿರುಗಿತು. ಸೆರೆಯಾಳು ಬದುಕಿಕೊಂಡ, ತಾನು ಏನು ಆಡಿದ್ದೆ ಎಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ. ವೈದ್ಯ ಸತ್ತ ಸೈನಿಕನ ಊರಿಗೆ ಹೋದ. ಅವನ ಹೆಂಡತಿಯ ಮುಂದೆ ನಿಂತು, ನಡೆದದ್ದನ್ನು ಏನೂ ಬಿಡದೆ ಹೇಳಿದ. ಅವಳು ಪೂರ್ತಿ ಕೇಳಿದಳು. ಆಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು. ಆ ಕದದ ಮುಂದೆ ಅವನು ಬಹಳ ಹೊತ್ತು ನಿಂತಿದ್ದ.

ಗುರುಗಳು ಮಾತು ನಿಲ್ಲಿಸಿದರು. ಕೇತಯ್ಯ ಹೇಳಿದ:

"ತಿಳಿಯಿತು, ಗುರುಗಳೇ. ಎಷ್ಟೇ ಕಷ್ಟ ಬಂದರೂ ವೈದ್ಯ ರೋಗಿಯ ಪಕ್ಷ ಬಿಡಬಾರದು."

ಗುರುಗಳು ಕೇಳಿದರು:

"ಯಾವ ರೋಗಿಯ ಪಕ್ಷ?"