ರೂತವ್ವನ ಎಂಜಲು

ನಿಮ್ಮ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲ. ಹಳ್ಳದ ದಂಡೆಯ ಮೇಲೆ ಒಂದೂರು. ಊರ ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿನವರು ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ರೂತವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಊರ ಹೊರಗಿನ ಕೇರಿಯವಳು. ಅವಳ ಕೈ ಬಿದ್ದರೆ ಅಡ್ಡಬಿದ್ದ ಕೂಸೂ ತಾನಾಗಿ ತಿರುಗುತ್ತಿತ್ತಂತೆ. ಅವಳು ಹೊಸ್ತಿಲು ದಾಟಿದರೆ ಸಾಕು, ನೋವು ಇಳಿಯುತ್ತಿತ್ತಂತೆ. ಹೆತ್ತವರು ಯಾರೂ ಇದನ್ನು ನಂಬುವುದಿಲ್ಲ, ಆದರೂ ಹೇಳುತ್ತಾರೆ.

ಹೆರಿಗೆ ಮುಗಿಯುವ ತನಕ ಅವಳು ತಾಯಿ. ಮುಗಿದ ಮೇಲೆ ಅವಳು ಕೂತ ಜಾಗಕ್ಕೆ ಸೆಗಣಿ ನೀರು. ಅವಳ ಪಾಲಿನ ಜೋಳವನ್ನು ದೂರದಿಂದಲೇ ಸೆರಗಿಗೆ ಸುರಿಯುತ್ತಿದ್ದರು.

ಹೀಗಿರುವಾಗ ಸಮುದ್ರದಾಚೆಯಿಂದ ಒಬ್ಬ ಪಾದ್ರಿ ಬಂದ. ನಮ್ಮ ಬಿಸಿಲಿಗೆ ಮುಖ ಸುಟ್ಟು ಕೆಂಪು ಪಾದ್ರಿ ಎಂದೇ ಹೆಸರಾಯಿತು. ಪುಸ್ತಕ ಓದಿ ಕನ್ನಡ ಕಲಿತಿದ್ದವನು, ಪುರಾಣ ಹೇಳುವವರ ಹಾಗೆ ಮಾತಾಡುತ್ತಿದ್ದನಂತೆ. ಕರ್ತನ ಪಂಕ್ತಿಯಲ್ಲಿ ಹೊರಗಿನವರು ಅಂತ ಯಾರೂ ಇಲ್ಲ ಎಂದು ಅವನು ಹೇಳಿದ. ಅದೊಂದು ಮಾತಿಗೆ ಅವಳು ದೀಕ್ಷಾಸ್ನಾನ ತೆಗೆದುಕೊಂಡಳು, ರೂತವ್ವ ಎಂಬ ಹೆಸರು ಬಂದದ್ದೇ ಆಗ. ಕೇರಿ ಅವಳನ್ನು ಕೈಬಿಟ್ಟಿತು. ಮಗ ಮಾತು ಬಿಟ್ಟ. ಅವಳಿಗೆ ಉಳಿದದ್ದು ಆ ಪಂಕ್ತಿಯ ಮಾತೊಂದೇ.

ಊರೊಳಗಿನ ಕೆಲವು ನೇಕಾರರ ಮನೆಗಳೂ ಪಾದ್ರಿಯ ಸಭೆಗೆ ಸೇರಿದವು. ಅವರ ಹಿರಿಯ ಯೋನಪ್ಪ. ಮೊದಲ ಸಲ ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ನಡೆಯುವುದೆಂದು ಗೊತ್ತಾಯಿತು. ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯಬೇಕು ಎಂದಾಗ ನೇಕಾರರ ಮುಖ ಸಪ್ಪಗಾಯಿತು. ದೇವರು ಬದಲಾದರೆ ಎಂಜಲು ಬದಲಾಗುತ್ತದೆಯೇ?

ಯೋನಪ್ಪನೇ ದಾರಿ ಹುಡುಕಿದ. ತುಟಿ ಹಚ್ಚಿ ಕಚ್ಚಿ ಕುಡಿಯುವುದು ಬೇಡ, ನಾವು ಚೊಂಬಿನ ನೀರು ಕುಡಿಯುವ ಹಾಗೆ ಎತ್ತಿ ಕುಡಿಯೋಣ ಎಂದ. ಪಾದ್ರಿಗೆ ಹಿಗ್ಗೋ ಹಿಗ್ಗು. ತನ್ನ ದೇಶದ ರೀತಿಯನ್ನು ಈ ಜನರ ಮೇಲೆ ಹೇರಬಾರದು ಎಂಬ ಒಳ್ಳೆಯ ಮನಸ್ಸು ಅವನದು. ಈ ನಾಡಿನ ಪದ್ಧತಿ ಎಷ್ಟು ಚೊಕ್ಕ ಎಂದು ಒಪ್ಪಿಬಿಟ್ಟ. ಆ ಪದ್ಧತಿ ಯಾರನ್ನು ದೂರವಿಡುತ್ತದೆ ಎಂದು ಅವನು ಕೇಳಲಿಲ್ಲ. ರೂತವ್ವ ಸಾಲಿನ ಕೊನೆಗೆ, ಬಾಗಿಲ ಹತ್ತಿರ ಕೂರಲಿ ಎಂದು ಯೋನಪ್ಪ ಅಂದಾಗಲೂ, ಪಾಪ, ಮುದುಕಿಗೆ ಬಾಗಿಲ ಗಾಳಿ ಬೇಕೇನೋ ಅಂದುಕೊಂಡ.

ಭಾನುವಾರ ಬಂತು. ಬಟ್ಟಲು ಸಾಲಿನಲ್ಲಿ ಹೊರಟಿತು. ಒಬ್ಬೊಬ್ಬರೂ ಎತ್ತಿ ಬಾಯಿಗೆ ಸುರಿದುಕೊಂಡರು. ಗದ್ದಕ್ಕೆ ಸುರಿಯಿತು, ಬಿಳಿ ಅಂಗಿಗೆ ಸುರಿಯಿತು, ಅಂಚಿಗೆ ಮಾತ್ರ ಯಾರ ತುಟಿಯೂ ತಾಗಲಿಲ್ಲ. ಕೊನೆಗೆ ಬಟ್ಟಲು ರೂತವ್ವನ ಕೈಗೆ ಬಂತು. ಅವಳು ಅದರ ಅಂಚನ್ನೇ ನೋಡಿದಳಂತೆ. ತಾನೂ ಎತ್ತಿ ಕುಡಿದರೆ, ತನ್ನನ್ನು ದೂರವಿಟ್ಟಿದ್ದಕ್ಕೆ ತಾನೇ ಹೂಂ ಅಂದಂತೆ. ಹಾಗಾದರೆ ಕೇರಿ ಬಿಟ್ಟು, ಮಗನನ್ನು ಬಿಟ್ಟು ಬಂದದ್ದು ಯಾತಕ್ಕೆ?

ಅವಳು ಬಟ್ಟಲಿಗೆ ತುಟಿ ಹಚ್ಚಿದಳು.

"ಏ ಮುದುಕಿ, ಕಚ್ಚಿಬಿಟ್ಟಿಯಲ್ಲ!" ಎಂದ ಯೋನಪ್ಪ.

"ಕಚ್ಚೀನಿ. ಹಲ್ಲಿಲ್ಲ ನನಗ, ಬಟ್ಟಲಕ್ಕೇನೂ ನೋವಾಗಿಲ್ಲ ಬಿಡು."

ಪಾದ್ರಿ ಗಾಬರಿಯಾಗಿ ಓಡಿಬಂದು, ಉಳಿದದ್ದನ್ನು ತಾನು ಕುಡಿಯುತ್ತೇನೆ ಎಂದು ಕೈ ಚಾಚಿದ.

"ನೀವು ಕುಡಿದ್ರ ಏನಾತ್ರೀ ಅಯ್ಯನೋರ? ನಿಮಗ ಎಂಜಲಂದ್ರನ ಗೊತ್ತಿಲ್ಲ. ಗೊತ್ತಿದ್ದವರು ಕುಡೀಲಿ."

ಅವಳು ಎದ್ದು ನಡೆದು ಯೋನಪ್ಪನ ಮುಂದೆ ನಿಂತಳು.

"ಯೋನಪ್ಪ, ಹುಟ್ಟಿದಾಗ ನೀ ಅಳಲಿಲ್ಲೋ. ಮೈಯೆಲ್ಲಾ ನೀಲಿಗಟ್ಟಿತ್ತು. ಈ ಬೆರಳು ನಿನ್ನ ಬಾಯಾಗ ಹಾಕಿ ಲೋಳಿ ತಗದೆ. ನಿನ್ನ ಬಾಯಿಗೆ ನನ್ನ ಬಾಯಿಟ್ಟು ಉಸಿರು ಊದಿದೆ. ನಿಮ್ಮವ್ವನ ಹಾಲಿಗಿಂತ ಮೊದಲು ನೀ ಉಂಡದ್ದು ನನ್ನ ಎಂಜಲ. ಈಗ ಉಗುಳ್ತಿ ಏನು?"

ಯೋನಪ್ಪ ಬಟ್ಟಲಿನಿಂದ ಮುಖ ತಿರುಗಿಸಿದ. ಆಗ ಎದ್ದವಳು ಅವನ ತಾಯಿ ನೀಲವ್ವ. ಪಾದ್ರಿ ಎಷ್ಟು ಹೇಳಿದರೂ ಹೆಸರು ಬದಲಿಸಲು ಒಪ್ಪದ ಹಟಮಾರಿ ಮುದುಕಿ.

"ಉಗುಳೋದಿದ್ರ ಆ ಉಸಿರೂ ಉಗುಳು, ಮಗನ," ಎಂದಳು. "ಆ ದಿನ ನನಗೂ ಇಕೀನ ತನ್ನ ಕೈಲೆ ನೀರು ಕುಡಿಸಿದ್ಲು. ಬಾಗಿಲು ಹಾಕಿತ್ತು, ಮಂದಿ ನೋಡಲಿಲ್ಲ, ಅಷ್ಟ."

ಬಟ್ಟಲು ಇಸಿದುಕೊಂಡು ಕಚ್ಚಿ ಕುಡಿದಳು. ಮಗನ ಕೈಗೆ ಕೊಟ್ಟಳು. ಯೋನಪ್ಪ ಅದನ್ನು ಹಿಡಿದು ಕೂತಷ್ಟು ಹೊತ್ತಿನಲ್ಲಿ ಜೋಳದ ಹಿಟ್ಟು ಬೀಸಿ ಮುಗಿಸಬಹುದಿತ್ತಂತೆ. ಕೊನೆಗೆ ಕಣ್ಣು ಮುಚ್ಚಿ ಕುಡಿದ.

ಕೆಲವು ಮನೆಯವರು ಎದ್ದು ಹೋದರು, ಮತ್ತೆ ಬರಲೇ ಇಲ್ಲ. ಉಳಿದವರೆಲ್ಲ ಮತ್ತೊಮ್ಮೆ ಕುಡಿದರೂ ಬಟ್ಟಲು ಬರಿದಾಗಲಿಲ್ಲವಂತೆ. ಯಾರೋ ಮತ್ತೆ ಸುರಿದಿರಬೇಕು ಬಿಡಿ. ಪಾದ್ರಿ ಆ ದಿನ ಉಪದೇಶ ಮಾಡಲಿಲ್ಲವಂತೆ. ಸಾಲಿನ ಕೊನೆಗೆ, ಬಾಗಿಲ ಹತ್ತಿರ ರೂತವ್ವ ಬಿಟ್ಟ ಜಾಗದಲ್ಲಿ ಹೋಗಿ ಕೂತು, ತನ್ನ ಸರದಿಗೆ ಕಾದನಂತೆ.

ಈಗ ಎಲ್ಲ ಕಡೆ ತಲೆಗೊಂದು ಪುಟ್ಟ ಗಾಜಿನ ಲೋಟ ಬಂದಿದೆ. ಆ ಊರಿಗೂ ಬಂದಿತ್ತು, ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಅಲ್ಲಿ ಇವತ್ತಿಗೂ ಒಂದೇ ಬಟ್ಟಲು. ಅಂಚು ಒರೆಸುವ ಹಾಗಿಲ್ಲ. ಕುಡಿದವರು ಪಕ್ಕದವರಿಗೆ ಕೊಡುವಾಗ "ಎಂಜಲ ಅದ" ಅನ್ನುತ್ತಾರೆ. ಪಕ್ಕದವರು "ಕೊಡು" ಎಂದು ಎರಡೂ ಕೈ ಚಾಚುತ್ತಾರೆ.